ಶಿವರಾತ್ರಿಯಿಂದ ಯುಗಾದಿವರೆಗೆ: ಹೋದ ವರ್ಷದ ನನ್ನ ತೇಪೆಗಳ ರಿಪೇರಿ

ಶಿವರಾತ್ರಿ ಕಳೆದ ಮರುದಿನ ಅಮ್ಮ ಸ್ವೆಟರ್ ಒಗೆದು ಬೀರುವಿಗೆ ಸೇರಿಸಿದರು. ಚಳಿ ಶಿವಶಿವಾ ಅಂತ ಹೊರಟಿತು ಅನ್ನೋದಕ್ಕೆ ನಮ್ಮ ಮನೆಯಲ್ಲಿ ಅದೇ ಗುರುತು. ಪಂಚಾಂಗದ ಲೆಕ್ಕದಲ್ಲಿ ವಸಂತ ಶುರುವಾಗುವುದು ಯುಗಾದಿಗೆ. ಆದರೆ ಮೈಸೂರಿನ ಗಿಡಗಳು ಪಂಚಾಂಗ ನೋಡುವುದಿಲ್ಲ. ರಸ್ತೆಯ ಹೊಂಗೆ ಮರ ಆಗಲೇ ಎಲೆ ಉದುರಿಸುತ್ತಿತ್ತು, ಹಿತ್ತಲಿನ ಸೀತಾಫಲ ಬೋಳಾಗಿತ್ತು, ಮಲ್ಲಿಗೆ ಚಿಗುರುತ್ತಿತ್ತು. ಶಿವರಾತ್ರಿಯಿಂದ ಯುಗಾದಿಗೆ ಹೆಚ್ಚುಕಮ್ಮಿ ಒಂದು ತಿಂಗಳು. ಹಿತ್ತಲಿನ ಕೆಲಸ ಏನಿದ್ದರೂ ಅಷ್ಟರೊಳಗೆ ಮುಗಿಸಬೇಕು. ಆಮೇಲೆ ಬಿಸಿಲಲ್ಲಿ ಹಾರೆ ಹಿಡಿಯೋಕೆ ಆಗಲ್ಲ.

ನಮ್ಮದು ಕುವೆಂಪುನಗರದಲ್ಲಿ ಅಪ್ಪ ಕಟ್ಟಿಸಿದ ಮನೆ. ಹಿಂದೆ ಹನ್ನೆರಡು ಅಡಿ ಅಗಲದ ಹಿತ್ತಲು. ಒಂದು ಸೀತಾಫಲ, ಒಂದು ಕರಿಬೇವು, ಎರಡು ದಾಸವಾಳ, ಮಲ್ಲಿಗೆ, ಕಾಂಪೌಂಡಿಗೆ ಹಬ್ಬಿದ ವೀಳ್ಯದೆಲೆ, ಒಂದಷ್ಟು ತರಕಾರಿ ಸಾಲು, ಉಳಿದದ್ದು ಕುಂಡ. ಈ ಸಲ ಹೊಸದಾಗಿ ಏನೂ ಮಾಡಬಾರದು, ಇರೋದನ್ನು ನೆಟ್ಟಗೆ ಮಾಡಿದರೆ ಸಾಕು ಅಂದುಕೊಂಡಿದ್ದೆ. ಕೆಲಸ ಶುರುಮಾಡಿದ ಮೇಲೆ ಗೊತ್ತಾಯಿತು, ರಿಪೇರಿಗೆ ಬಂದಿದ್ದೆಲ್ಲ ಹೋದ ವರ್ಷ ನಾನೇ ಅರ್ಜೆಂಟಲ್ಲಿ ಹಾಕಿದ ತೇಪೆಗಳು.

ಮೊದಲ ಭಾನುವಾರ: ಡ್ರಿಪ್

ಎರಡು ವರ್ಷದ ಹಿಂದೆ ಹಾಕಿದ ಡ್ರಿಪ್, ಅಂದರೆ ಹನಿ ನೀರಾವರಿ. 16 ಎಂಎಂ ಕಪ್ಪು ಪೈಪು, 26 ಡ್ರಿಪ್ಪರ್, ಓವರ್‌ಹೆಡ್ ಟ್ಯಾಂಕಿನಿಂದ ಇಳಿದ ನಲ್ಲಿಗೆ ನೇರ ಜೋಡಣೆ. ನಲ್ಲಿ ತಿರುಗಿಸಿದರೆ ಎಲ್ಲ ಕಡೆ ತೊಟ್ಟಿಕ್ಕುವ ಹಾಗೆ ಕಾಣುತ್ತಿತ್ತು. ಆದರೂ ಬದನೆ ಸಾಲಿನ ಕೊನೆಯ ಗಿಡಗಳು ಮಧ್ಯಾಹ್ನಕ್ಕೆ ತಲೆ ಬಾಗಿಸುತ್ತಿದ್ದವು. ಕಣ್ಣಳತೆ ನಂಬಬಾರದು ಅಂತ ಈ ಸಲ ಅಳೆಯಲು ಕೂತೆ.

ಲೆಕ್ಕ ಸುಲಭ. ಗಂಟೆಗೆ 4 ಲೀಟರ್ ಡ್ರಿಪ್ಪರ್ ಅಂದರೆ ನಿಮಿಷಕ್ಕೆ ಸುಮಾರು 67 ಮಿಲಿ, ಮೂರು ನಿಮಿಷಕ್ಕೆ 200 ಮಿಲಿ. ಅಮ್ಮನ ಕಾಫಿ ಲೋಟ ಎತ್ತಿಕೊಂಡೆ. ಮಗಳು ಪಾಪು ಆಗಿದ್ದಾಗಿನ ಹಾಲಿನ ಬಾಟಲಿಯಲ್ಲಿ ಅಳೆದು ನೋಡಿದರೆ ಅದು ಕಂಠಮಟ್ಟ 200 ಮಿಲಿ ಹಿಡಿಯುತ್ತದೆ. ಪ್ರತಿ ಗಿಡದ ಬುಡದಲ್ಲೂ ಒಂದು ಗುಳಿ ತೋಡಿ, ಲೋಟ ಇಳಿಸಿ, ಮೊಬೈಲಿನಲ್ಲಿ ಮೂರು ನಿಮಿಷ ಇಟ್ಟು ಕಾದೆ. 26 ಡ್ರಿಪ್ಪರಿಗೆ ಬೆಳಿಗ್ಗೆ ಪೂರ್ತಿ ಹೋಯಿತು.

ಮೊದಲ ಅಚ್ಚರಿ, ಹೊಚ್ಚಹೊಸ ಡ್ರಿಪ್ಪರ್ ಹಾಕಿ ನೋಡಿದರೂ ಲೋಟ ತುಂಬಲಿಲ್ಲ. ಮುಕ್ಕಾಲಿಗೆ ನಿಂತಿತು. ಅಂಗಡಿಯವನು ಮೋಸ ಮಾಡಿದ ಅಂದುಕೊಂಡೆ. ಮೋಸ ಏನಿಲ್ಲ. ಡ್ರಿಪ್ಪರ್ ಮೇಲೆ ಬರೆದ 4 ಲೀಟರ್ ಬರುವುದು ನೀರು ಸುಮಾರು 10 ಮೀಟರ್ ಎತ್ತರದಿಂದ ಇಳಿದಾಗಿನ ಒತ್ತಡಕ್ಕೆ. ನಮ್ಮ ಟ್ಯಾಂಕು ನಲ್ಲಿಗಿಂತ ಇಪ್ಪತ್ತು ಅಡಿ ಮೇಲಿದೆ, ಅಂದರೆ 6 ಮೀಟರ್. ಅಲ್ಲಿಗೆ ಗಂಟೆಗೆ 3 ಲೀಟರ್ ಚಿಲ್ಲರೆ. ಹಾಗಾಗಿ ನಮ್ಮ ಮನೆ ಮಟ್ಟಿಗೆ ಮುಕ್ಕಾಲು ಲೋಟವೇ ಪಾಸ್ ಮಾರ್ಕು. ಹೆಂಡತಿಯ ಉಗುರು ಬಣ್ಣದಲ್ಲಿ ಲೋಟದ ಒಳಗೆ ಒಂದು ಗೆರೆ ಎಳೆದೆ. (ಇದು ಆಮೇಲೆ ಗೊತ್ತಾಗಿ ಎರಡು ಕಡೆಯಿಂದಲೂ ಬೈಸಿಕೊಂಡೆ.)

ಫಲಿತಾಂಶ: ಒಂಬತ್ತು ಪಾಸು. ಹನ್ನೊಂದು ಅರ್ಧಕ್ಕಿಂತ ಕಮ್ಮಿ. ಆರು ಪೂರ್ತಿ ಸತ್ತಿದ್ದವು, ಮೂರು ನಿಮಿಷಕ್ಕೆ ನಾಲ್ಕು ತೊಟ್ಟು.

ಹಾಳೆಯ ಮೇಲೆ ಹಿತ್ತಲಿನ ನಕ್ಷೆ ಬರೆದು ಸತ್ತ ಆರನ್ನು ಗುರುತು ಹಾಕಿದಾಗ ವಿಷಯ ಹೊರಬಿತ್ತು. ಆರೂ ಒಂದೇ ಸಾಲಿನಲ್ಲಿ, ಒಂದೇ ಜಾಯಿಂಟಿನ ಆಚೆ. ಆ ಜಾಯಿಂಟು ನನ್ನದೇ ಕೈಚಳಕ. ಹೋದ ವರ್ಷ ಪೈಪು ನಾಲ್ಕು ಅಡಿ ಸಾಲದೆ ಬಂದಾಗ, ಅಂಗಡಿಗೆ ಹೋಗೋಕೆ ಬೇಜಾರಾಗಿ, ಗಾರೆಯವರು ಬಿಟ್ಟುಹೋಗಿದ್ದ ಲೆವೆಲ್ ಟ್ಯೂಬ್ ಕತ್ತರಿಸಿ ಸೇರಿಸಿದ್ದೆ. ಲೆವೆಲ್ ಟ್ಯೂಬ್ ಪಾರದರ್ಶಕ ಅಲ್ವಾ, ಒಳಗಿನ ನೀರಿನ ಮಟ್ಟ ಕಾಣಬೇಕಲ್ಲ. ನೀರು ಕಂಡ ಹಾಗೇ ಬಿಸಿಲೂ ಒಳಗೆ ಹೋಗುತ್ತದೆ. ಬಿಸಿಲು, ನೀರು ಎರಡೂ ಸಿಕ್ಕ ಮೇಲೆ ಪಾಚಿ ಕಟ್ಟದೆ ಇರುತ್ತಾ? ಬಿಚ್ಚಿ ಬೆರಳಿಂದ ಒತ್ತಿದೆ. ಹಸಿರು ಲೋಳೆ ಪೇಸ್ಟಿನ ಹಾಗೆ ಹೊರಗೆ ಬಂತು. ಅದೇ ಹೋಗಿ ಮುಂದಿನ ಆರು ಡ್ರಿಪ್ಪರ್‌ಗಳ ಬಾಯಿ ಮುಚ್ಚಿತ್ತು. ಡ್ರಿಪ್ ಪೈಪನ್ನು ಕಪ್ಪಾಗಿ ಮಾಡುವುದು ಚಂದಕ್ಕಲ್ಲ.

ಅರ್ಧ ಕಟ್ಟಿಕೊಂಡ ಹನ್ನೊಂದರ ಕಥೆ ಬೇರೆ. ಕಾವೇರಿ ನೀರು ಅಡುಗೆಗೆ ಬಿಟ್ಟು ಗಿಡಕ್ಕೆ ನಾವು ಹಾಕುವುದು ಬೋರ್ ನೀರು. ಗಡಸು ನೀರು, ಬಕೆಟ್ಟಿನ ಅಂಚಿನಲ್ಲಿ ಬಿಳಿ ಪಟ್ಟಿ ಕಟ್ಟುತ್ತದಲ್ಲ, ಅದೇ ಸುಣ್ಣ ಡ್ರಿಪ್ಪರ್ ಒಳಗೂ ಕಟ್ಟಿತ್ತು. ನಮ್ಮದು ಮುಚ್ಚಳ ತಿರುಗಿಸಿ ಬಿಚ್ಚುವ ಮಾದರಿ. ಎಲ್ಲ ಬಿಚ್ಚಿ, ಒಂದು ಲೀಟರ್ ನೀರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್ ಪುಡಿ ಕಲಸಿ ಪ್ಲಾಸ್ಟಿಕ್ ಬೇಸಿನ್ನಿನಲ್ಲಿ ಹಾಕಿದೆ. ಹಾಕಿದ ಅರ್ಧ ನಿಮಿಷಕ್ಕೆ ಪ್ರತಿ ಡ್ರಿಪ್ಪರಿನ ಹೊಟ್ಟೆಯಿಂದ ಸೋಡಾ ಬಾಟಲಿಯ ಹಾಗೆ ಸಣ್ಣ ಗುಳ್ಳೆಗಳು ಏಳಲು ಶುರು. ಸುಣ್ಣ ಹುಳಿಗೆ ಕರಗುವಾಗ ಬರುವ ಗಾಳಿ ಅದು. ಕಿವಿ ಹತ್ತಿರ ಇಟ್ಟರೆ ಚುರ್ ಅನ್ನುವ ಸದ್ದೂ ಕೇಳುತ್ತದೆ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿದೆ. ಪಿನ್ನು, ಸೂಜಿ ಹಾಕಿ ಕೆದಕಬೇಡಿ. ತೂತು ದೊಡ್ಡದಾದರೆ ಅದೊಂದೇ ಗಿಡ ಎಲ್ಲರ ಪಾಲು ಕುಡಿಯುತ್ತದೆ.

ಎರಡನೇ ಭಾನುವಾರ: ಫಿಲ್ಟರ್

ಎರಡು ವರ್ಷ ಫಿಲ್ಟರ್ ಇಲ್ಲದೆ ಓಡಿಸಿದ್ದೇ ದೊಡ್ಡ ತಪ್ಪು. ಮುಕ್ಕಾಲು ಇಂಚಿನ ಸ್ಕ್ರೀನ್ ಫಿಲ್ಟರ್ ತಂದೆ, 120 ಮೆಶ್, ಅಂದರೆ ಒಳಗಿನ ಜಾಲರಿಗೆ ಇಂಚಿಗೆ 120 ಕಣ್ಣು. ನಲ್ಲಿ ಆದಮೇಲೆ ಫಿಲ್ಟರ್, ಆಮೇಲೆ ಪೈಪು. ಫಿಲ್ಟರ್ ಮೈಮೇಲೆ ಬಾಣದ ಗುರುತಿದೆ, ನೀರು ಹೋಗುವ ದಿಕ್ಕಿಗೆ ಅದು ಇರಬೇಕು. ಅದನ್ನು ಸರಿಯಾಗಿ ನೋಡಿಯೇ ಹಾಕಿದೆ. ಎಡವಿದ್ದು ಟೆಫ್ಲಾನ್ ಟೇಪಿನಲ್ಲಿ. ಮರೆ (ತಿರುಪಿನ ಗೆರೆ) ಸುತ್ತುವ ದಿಕ್ಕಿಗೇ ಟೇಪ್ ಸುತ್ತಬೇಕು, ಮರೆಯ ತುದಿ ನಮ್ಮ ಕಡೆ ಇದ್ದಾಗ ಗಡಿಯಾರದ ಮುಳ್ಳು ತಿರುಗುವ ಹಾಗೆ. ನಾನು ಉಲ್ಟಾ ಸುತ್ತಿದೆ. ಬಿಗಿ ಮಾಡುತ್ತಾ ಹೋದ ಹಾಗೆ ಟೇಪು ಬಿಚ್ಚಿಕೊಂಡು ಗಡ್ಡದ ಹಾಗೆ ಹೊರಗೆ ನೇತಾಡಿತು. ನಲ್ಲಿ ಬಿಟ್ಟರೆ ಶರ್ಟು ತೋಯ್ದು ಹೋಯಿತು. ಮತ್ತೆ ಬಿಚ್ಚಿ, ಒರೆಸಿ, ಎಂಟು ಸುತ್ತು ಸರಿ ದಿಕ್ಕಿಗೆ ಸುತ್ತಿ, ಕೈಯಲ್ಲೇ ಬಿಗಿ ಮಾಡಿ, ಸ್ಪ್ಯಾನರ್‌ನಲ್ಲಿ ಕಾಲು ತಿರುವು ಮಾತ್ರ. ಪ್ಲಾಸ್ಟಿಕ್ ಮರೆಗೆ ಜಾಸ್ತಿ ಬಲ ಹಾಕಿದರೆ ಸೀಳುತ್ತದೆ.

ಲೆವೆಲ್ ಟ್ಯೂಬ್ ಕಿತ್ತು ಕಪ್ಪು ಪೈಪಿನ ತುಂಡು ಸೇರಿಸಿದೆ. ಪೈಪಿನ ತುದಿಯನ್ನು ಬಿಸಿನೀರಲ್ಲಿ ಅರ್ಧ ನಿಮಿಷ ಅದ್ದಿದರೆ ಮೆತ್ತಗಾಗಿ ಜಾಯಿನರ್ ಸಲೀಸಾಗಿ ಕೂರುತ್ತದೆ. ಕೊನೆಗೆ ಎಂಡ್ ಕ್ಯಾಪ್ ಬಿಚ್ಚಿ ನೀರು ಜೋರಾಗಿ ಬಿಟ್ಟೆ. ಮೊದಲು ಕಾಫಿ ಬಣ್ಣ, ಆಮೇಲೆ ಹಸಿರು ಚೂರು, ಎರಡು ನಿಮಿಷದ ಮೇಲೆ ತಿಳಿನೀರು. ಮತ್ತೆ ಲೋಟ ಹಿಡಿದು ಪರೀಕ್ಷೆ. 26ರಲ್ಲಿ 23 ಗೆರೆ ಮುಟ್ಟಿದವು. ಉಳಿದ ಮೂರನ್ನು ಬದಲಾಯಿಸಿದೆ.

ಪಕ್ಕದ ಮನೆ ಮೇಷ್ಟ್ರು ಕಾಂಪೌಂಡಿನ ಮೇಲಿಂದ ಇದನ್ನೆಲ್ಲ ನೋಡುತ್ತಿದ್ದರು. ಪಾಂಡವಪುರದ ಕಡೆಯವರು, ರಿಟೈರ್ ಆಗಿ ಇಲ್ಲಿದ್ದಾರೆ, ಊರಲ್ಲಿ ಗದ್ದೆ ಇದೆ.

"ಏನಪ್ಪ, ಗಿಡಕ್ಕೂ ಕಾಫಿ ಕೊಡ್ತಿದ್ದೀಯಾ?"

"ಇಲ್ಲ ಮೇಷ್ಟ್ರೇ, ನೀರು ಅಳೀತಿದ್ದೀನಿ."

"ನಾವು ನಾಲೆ ತಿರುಗ್ಸಿ ಮಲಿಕ್ಕೊತಿದ್ದೊ ಕಣಪ್ಪ" ಅಂದು ನಕ್ಕರು. ಹಾಗಂದವರೇ ಮುಂದಿನ ವಾರ ಊರಿಂದ ಎರಡು ಚೀಲ ಕಬ್ಬಿನ ತರಗು ತಂದು ಕೊಟ್ಟರು. ಕಬ್ಬು ಕಡಿದ ಮೇಲೆ ಗದ್ದೆಯಲ್ಲಿ ಉಳಿಯುವ ಒಣ ಎಲೆ, ಸುಮ್ನೆ ಸುಟ್ಟುಬಿಡುವವರೇ ಜಾಸ್ತಿ. ಗಿಡದ ಬುಡಕ್ಕೆ ಮೂರು ಇಂಚು ಹೊದಿಸಿದೆ, ಕಾಂಡದ ಸುತ್ತ ಒಂದು ಗೇಣು ಬಿಟ್ಟು. ಕಾಂಡಕ್ಕೆ ತಾಗಿಸಿದರೆ ತೇವಕ್ಕೆ ತೊಗಟೆ ಕೊಳೆಯುತ್ತದೆ. ಹೊದಿಕೆ ಹಾಕಿದ ಮೇಲೆ ದಿನ ಬಿಟ್ಟು ದಿನ 45 ನಿಮಿಷ ನೀರು ಬಿಟ್ಟರೆ ಸಾಕಾಗುತ್ತಿದೆ. ಕೆಮ್ಮಣ್ಣು ನೀರು ಬೇಗ ಬಿಟ್ಟುಕೊಡುತ್ತದೆ, ಹೊದಿಕೆ ಇಲ್ಲದಿದ್ದಾಗ ದಿನಾ ಬಿಡಬೇಕಿತ್ತು.

ನಡುವಿನ ಸಂಜೆಗಳು: ಕತ್ತರಿ ಕೆಲಸ

ಸೀತಾಫಲದಲ್ಲಿ ಒಂದು ವಿಚಿತ್ರ ಇದೆ. ಅದರ ಮೊಗ್ಗು ಎಲೆ ತೊಟ್ಟಿನ ಬುಡದೊಳಗೆ ಬಚ್ಚಿಟ್ಟುಕೊಂಡಿರುತ್ತದೆ. ಎಲೆ ಉದುರಿದರೆ ಮಾತ್ರ ಅಲ್ಲಿಂದ ಚಿಗುರು ಬರುತ್ತದೆ. ಕಾಂಪೌಂಡಿನ ಮರೆಯಲ್ಲಿದ್ದ ಒಂದು ಕೊಂಬೆ ಹಳದಿ ಎಲೆಗಳನ್ನು ಹಿಡಿದುಕೊಂಡೇ ಇತ್ತು. ತೊಟ್ಟು ಮುರಿದು ನೋಡಿದೆ. ಟೋಪಿ ತೆಗೆದ ಹಾಗೆ ತೊಟ್ಟು ಕಳಚಿ, ಕೆಳಗೆ ಸಾಸಿವೆಯಷ್ಟು ಕಂದು ಮೊಗ್ಗು. ಆ ಕೊಂಬೆಯ ಎಲೆಗಳನ್ನೆಲ್ಲ ಕೈಯಲ್ಲೇ ಕಿತ್ತು, ಒಣ ಕಡ್ಡಿ, ಒಂದಕ್ಕೊಂದು ಉಜ್ಜುವ ಕೊಂಬೆ ಕತ್ತರಿಸಿದೆ. ಹತ್ತನೇ ದಿನ ಅಲ್ಲೂ ಹಸಿರು.

ಕರಿಬೇವಿಗೆ ಸ್ವಲ್ಪ ಧೈರ್ಯ ಬೇಕಾಯಿತು. ವರ್ಷವಿಡೀ ಕೈಗೆ ಸಿಕ್ಕ ಎಲೆ ಕಿತ್ತು ಕಿತ್ತು ಅದು ಎಂಟಡಿ ಉದ್ದದ ಬೋಳು ಕೋಲಾಗಿತ್ತು, ತುದಿಯಲ್ಲಿ ಮಾತ್ರ ಎಲೆ. ಎದೆಮಟ್ಟಕ್ಕೆ ಕತ್ತರಿಸಿಬಿಟ್ಟೆ. ಅಮ್ಮ ಎರಡು ದಿನ ಮಾತಾಡಲಿಲ್ಲ. ಎಲೆ ಒಣಗಿಸಿ ಚಟ್ನಿಪುಡಿ ಆದಮೇಲೆ ಸಮಾಧಾನ. ಈಗ ಕತ್ತರಿಸಿದ ಜಾಗದ ಕೆಳಗೆ ಐದು ಚಿಗುರು ಬಂದಿವೆ. ಎಲೆ ಒಂದೊಂದೇ ಕೀಳಬೇಡಿ, ಕಡ್ಡಿ ಸಮೇತ ಮುರೀರಿ ಅಂತ ಅಡುಗೆಮನೆಗೆ ಸುತ್ತೋಲೆ ಹೊರಡಿಸಿದ್ದೇನೆ. ಪಾಲನೆ ಆಗುತ್ತಿಲ್ಲ.

ಮಲ್ಲಿಗೆಗೆ ಈಗ ಕತ್ತರಿ ತಾಗಿಸಬಾರದು. ಚಳಿಗಾಲದಲ್ಲೇ ಸವರಿ ಆಗಿತ್ತು. ಒಂದು ಬಾಣಲಿ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ, ಅಷ್ಟೇ. ಮೊದಲ ಮೊಗ್ಗಿಗೆ ಅಮ್ಮ ಕಾಯುತ್ತಿದ್ದಾರೆ.

ದಾಸವಾಳದಲ್ಲಿ ಕೈ ಸುಟ್ಟುಕೊಂಡೆ. ಚಿಗುರಿನ ತುದಿ ಮುದುಡಿ, ಬಿಳಿ ಹಿಟ್ಟು ಎರಚಿದ ಹಾಗೆ ಹಿಟ್ಟು ತಿಗಣೆ. ಬೇವಿನೆಣ್ಣೆ ಹೊಡೆದರೆ ಆಯಿತು ಅಂತ ಅಳತೆ ನೋಡದೆ ಒಂದು ಲೀಟರಿಗೆ ಮೂರು ಚಮಚ ಸುರಿದು, ಬೆಳಿಗ್ಗೆ ಹನ್ನೊಂದು ಗಂಟೆಯ ಬಿಸಿಲಲ್ಲಿ ಸಿಂಪಡಿಸಿದೆ. ಮೂರನೇ ದಿನಕ್ಕೆ ಎಲೆಗಳ ಅಂಚು ಹಪ್ಪಳ ಸುಟ್ಟ ಬಣ್ಣ. ತಿಗಣೆ ಮಾತ್ರ ಸುಖವಾಗಿತ್ತು. ಎರಡನೇ ಸಲ ಸಮಾಧಾನವಾಗಿ ಮಾಡಿದೆ. ಹೆಚ್ಚು ಮುದುಡಿದ ತುದಿಗಳನ್ನು ಕತ್ತರಿಸಿ ಸೋಪಿನ ನೀರಿನ ಬಕೆಟ್ಟಿಗೆ ಹಾಕಿದೆ. ಉಳಿದಿದ್ದಕ್ಕೆ ಪೈಪಿನಲ್ಲಿ ಜೋರು ನೀರು. ಸಂಜೆ ಆರಕ್ಕೆ ಲೀಟರಿಗೆ 5 ಮಿಲಿ ಬೇವಿನೆಣ್ಣೆ, ಅದು ನೀರಲ್ಲಿ ಬೆರೆಯಲಿ ಅಂತ ಕೆಲವು ತೊಟ್ಟು ಪಾತ್ರೆ ತೊಳೆಯುವ ಲಿಕ್ವಿಡ್. ಎಲೆಯ ಅಡಿಗೂ ತಾಗಿಸಬೇಕು. ವಾರಕ್ಕೊಂದು ಸಲ, ಮೂರು ಸಲ.

ಇಷ್ಟಾದರೂ ತಿಗಣೆ ಮತ್ತೆ ಬರುತ್ತಿತ್ತು, ಇರುವೆ ಸಾಲು ಕಣ್ಣಿಗೆ ಬೀಳುವವರೆಗೆ. ತಿಗಣೆ ಒಸರುವ ಸಿಹಿಗಾಗಿ ಇರುವೆಗಳು ಅದನ್ನು ದನ ಕಾದ ಹಾಗೆ ಕಾಯುತ್ತವೆ, ಅದರ ಶತ್ರು ಹುಳುಗಳನ್ನು ಓಡಿಸುತ್ತವೆ. ಸಾಲು ಎಲ್ಲಿಂದ ಅಂತ ಹಿಂಬಾಲಿಸಿದರೆ, ಕಾಂಪೌಂಡಿಗೆ ಒರಗಿದ್ದ ಒಂದೇ ಒಂದು ಕೊಂಬೆಯಿಂದ. ಅದನ್ನು ಕತ್ತರಿಸಿ, ಕಾಂಡಕ್ಕೆ ಬಟ್ಟೆ ಪಟ್ಟಿ ಸುತ್ತಿ ಅದರ ಮೇಲೆ ಗ್ರೀಸ್ ಸವರಿದೆ. ಆಮೇಲೆ ಔಷಧಿಗೆ ಮರ್ಯಾದೆ ಬಂತು.

ಮೂರನೇ ಭಾನುವಾರ: ಚಪ್ಪರ

ಹೋದ ವರ್ಷ ಹೀರೆಕಾಯಿಗೆ ಚಪ್ಪರ ಹಾಕಿದ್ದೆ. ಸಣ್ಣ ಸರ್ವೆ ಗಳ, ಪ್ಲಾಸ್ಟಿಕ್ ದಾರ. ಮೇ ತಿಂಗಳ ಒಂದು ಸಂಜೆ ಗಾಳಿ ಮಳೆಗೆ ಕಾಯಿ ಸಮೇತ ಮಕಾಡೆ ಮಲಗಿತ್ತು. ಆವತ್ತು ಮೇಷ್ಟ್ರು ಬಂದು ಗಳದ ಬುಡ ನೋಡಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಅರ್ಧ ಅಡಿ ಊತಿದ್ದೀಯಲ್ಲಪ್ಪ, ಇದೇನ್ ಮದ್ವೆ ಚಪ್ರವಾ, ಒಂದಿನುಕ್ಕೆ?"

ಈ ಸಲ ಬಂಬೂ ಬಜಾರಿಗೆ ಹೋಗಿ ದಪ್ಪನೆಯ ಬಿದಿರು ತಂದು ಒಂಬತ್ತಡಿಗೆ ನಾಲ್ಕು ತುಂಡು ಮಾಡಿಸಿದೆ. ಎರಡು ಅಡಿ ನೆಲದೊಳಗೆ, ಏಳು ಅಡಿ ಮೇಲೆ. ಬಳ್ಳಿ ತುಂಬಿ ಕಾಯಿ ಇಳಿಬಿದ್ದಾಗ ತಲೆಗೆ ಹೊಡೆಯಬಾರದು ಅಂದರೆ ಏಳು ಬೇಕು. ನೆಲದೊಳಗೆ ಹೋಗುವ ಭಾಗಕ್ಕೆ ಡಾಂಬರು ಬಳಿದು ಎರಡು ದಿನ ಒಣಗಿಸಿದೆ, ಗೆದ್ದಲಿಗೆ. ಹಾರೆಯಲ್ಲಿ ಗುಂಡಿ ತೋಡುವುದು ಒಂದೂವರೆ ಅಡಿವರೆಗೆ ಆರಾಮು, ಆಮೇಲೆ ಗಟ್ಟಿ. ಹಿಂದಿನ ಸಂಜೆಯೇ ಗುಂಡಿಗೆ ನೀರು ತುಂಬಿಸಿ ಬಿಟ್ಟರೆ ಬೆಳಿಗ್ಗೆ ಮೆತ್ತಗಿರುತ್ತದೆ. ನಾನು ಮೂರನೇ ಗುಂಡಿಗೆ ಬಂದ ಮೇಲೆ ಈ ಬುದ್ಧಿ ಬಂತು. ಗಳ ನಿಲ್ಲಿಸಿ ಇಟ್ಟಿಗೆ ಚೂರು, ಜಲ್ಲಿ, ಮಣ್ಣು ಪದರ ಪದರವಾಗಿ ಹಾಕಿ ಹಾರೆಯ ಹಿಂಬದಿಯಿಂದ ಕುಟ್ಟಿದೆ.

ಮೇಲಿನ ಅಡ್ಡಗಳ ಕೂರಿಸುವಾಗ ಮೊದಲನೆಯದಕ್ಕೆ ಮೊಳೆ ಹೊಡೆದೆ. ಟಪ್ ಅಂತ ಬಿದಿರು ಉದ್ದಕ್ಕೂ ಸೀಳಿತು. ಬಿದಿರಿಗೆ ಮೊಳೆ ಆಗಲ್ಲ. ಡ್ರಿಲ್ಲಿನಲ್ಲಿ 4 ಎಂಎಂ ತೂತು, ಅದೂ ಗೆಣ್ಣಿನ ಪಕ್ಕದಲ್ಲೇ. ಗೆಣ್ಣಿನ ಒಳಗೆ ಗೋಡೆ ಇರುವುದರಿಂದ ಅಲ್ಲಿ ಸೀಳು ಓಡುವುದಿಲ್ಲ. ತೂತಿನಲ್ಲಿ ಕಟ್ಟು ತಂತಿ ತೂರಿಸಿ, ಎರಡು ಗಳಕ್ಕೂ ಅಡ್ಡಡ್ಡ ಸುತ್ತಿ, ಕಟ್ಟಿಂಗ್ ಪ್ಲೇಯರ್‌ನಲ್ಲಿ ತಿರುಚಿದೆ. ತಂತಿಯ ತುದಿ ಒಳಕ್ಕೆ ಮಡಚಬೇಕು, ಇಲ್ಲದಿದ್ದರೆ ಕಾಯಿ ಕೀಳುವಾಗ ಕೈ ಕೀಳುತ್ತದೆ.

ಚಪ್ಪರ ಹತ್ತಡಿಗೆ ಆರಡಿ. ಉದ್ದಕ್ಕೆ ತಂತಿ, ಅಡ್ಡಕ್ಕೆ ತೆಂಗಿನ ನಾರಿನ ಹಗ್ಗ, ಅಡಿಗೊಂದು. ಪ್ಲಾಸ್ಟಿಕ್ ದಾರ ಬಿಸಿಲಿಗೆ ಪುಡಿಪುಡಿ ಆಗಿದ್ದನ್ನು ಹೋದ ವರ್ಷ ನೋಡಿ ಆಯಿತು. ನಾರಿನ ಹಗ್ಗ ಒರಟು, ಬಳ್ಳಿಯ ಕುಡಿಗೆ ಹಿಡಿತ ಸಿಗುತ್ತದೆ.

ಹೀರೆ ಬೀಜವನ್ನು ಮೊದಲ ವಾರವೇ ಪೇಪರ್ ಲೋಟಗಳಲ್ಲಿ ಹಾಕಿದ್ದೆ. ಎರಡೆಲೆಯ ಮೇಲೆ ಇನ್ನೆರಡು ಬಂದಾಗ ನೆಲಕ್ಕೆ ಇಳಿಸಿದೆ. ಬೆಂಡೆ ಮಾತ್ರ ನೇರ ನೆಲಕ್ಕೆ, ರಾತ್ರಿ ನೆನೆಸಿ. ಅದು ಅರ್ಕಾ ಅನಾಮಿಕ, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಳಿ. ಬದನೆ ನಮ್ಮೂರಿನ ಈರನಗೆರೆ ಬದನೆಯೇ. ವಾಂಗೀಭಾತಿಗೆ ಬೇರೆ ಬದನೆ ಹಾಕಿದರೆ ಅಮ್ಮ ಅದನ್ನು ಚಿತ್ರಾನ್ನ ಅನ್ನುತ್ತಾರೆ.

ತರಗೆಲೆ

ರಸ್ತೆಯ ಹೊಂಗೆ ಎಲೆ ಈ ತಿಂಗಳು ಚೀಲಗಟ್ಟಲೆ. ಗುಡಿಸಲು ಬರುವ ಪೌರಕಾರ್ಮಿಕ ಅಕ್ಕನಿಗೆ ಹೇಳಿಟ್ಟೆ, ರಾಶಿಯನ್ನು ನಮ್ಮ ಗೇಟಿನ ಪಕ್ಕ ಬಿಡಿ ಅಂತ. "ಕಸ ಕೇಳಿ ತಗೊಳೋರನ್ನ ಇವತ್ತೇ ನೋಡಿದ್ದು ಸಾರ್" ಅಂದರು. ಮೂರಡಿ ಅಗಲದ ಗುಂಡನೆಯ ಗೂಡಿಗೆ ಹತ್ತಡಿ ಕೋಳಿ ಜಾಲರಿ ಬೇಕು. ಒಂಬತ್ತೂವರೆ ಸುತ್ತಳತೆಗೆ, ಅರ್ಧ ಅಡಿ ಕೊಕ್ಕೆ ಹಾಕಿ ಜೋಡಿಸೋಕೆ. ಎಲೆ ಒಂದಡಿ ತುಂಬಿದಾಗ ತುಳಿದು, ಒಂದು ಬಕೆಟ್ ಸಗಣಿ ಬಗ್ಗಡ, ಮತ್ತೆ ಎಲೆ. ಹನ್ನೊಂದು ಚೀಲ ಹಿಡಿಯಿತು. ಹಿಂಡಿದರೆ ಒಂದೆರಡು ತೊಟ್ಟು ಬರುವಷ್ಟು ತೇವ ಇರಬೇಕು. ಮಳೆಗಾಲ ಮುಗಿಯುವ ಹೊತ್ತಿಗೆ ಗೊಬ್ಬರ ಆದೀತು.

ಯುಗಾದಿ

ಹಬ್ಬದ ಬೆಳಿಗ್ಗೆ ಮಾವಿನೆಲೆ, ಬೇವಿನ ಹೂವು ಮೇಷ್ಟ್ರ ಮನೆ ಮರಗಳಿಂದ ಬಂತು, ನಮ್ಮ ಕಡೆಯಿಂದ ವೀಳ್ಯದೆಲೆ ಹೋಯಿತು. ಅವರು ಚಪ್ಪರದ ಕಂಬ ಹಿಡಿದು ಒಂದು ಸಲ ಜೋರಾಗಿ ಅಲ್ಲಾಡಿಸಿದರು. ಕಂಬ ಮಿಸುಕಲಿಲ್ಲ. ಏನೂ ಹೇಳದೆ ಹೋದರು. ಅದನ್ನು ನಾನು ಸರ್ಟಿಫಿಕೇಟ್ ಅಂತಲೇ ಇಟ್ಟುಕೊಂಡಿದ್ದೇನೆ.

ಹೀರೆ ಬಳ್ಳಿ ಇನ್ನೂ ಮೊಣಕಾಲುದ್ದ. ಚಪ್ಪರದಿಂದ ಇಳಿಬಿಟ್ಟ ಹಗ್ಗವನ್ನು ಒಂದು ಕುಡಿ ಎರಡು ಸುತ್ತು ಸುತ್ತಿಕೊಂಡಿದೆ. ಚಪ್ಪರದ ಮೇಲೆ ಸದ್ಯಕ್ಕೆ ಅಮ್ಮ ಹಳೇ ಸೀರೆ ಹಾಸಿ ಅಕ್ಕಿ ಸಂಡಿಗೆ ಒಣಗಿಸುತ್ತಿದ್ದಾರೆ. ಸ್ಟೂಲ್ ಹತ್ತಿ ಸಂಡಿಗೆ ಇಡುವುದು, ಇಳಿಸುವುದು ನನ್ನ ಕೆಲಸ. ಭರಣಿ ಮಳೆ ಬರುವಷ್ಟರಲ್ಲಿ ಮುಗಿಸುತ್ತಾರಂತೆ. ಕಾಫಿ ಲೋಟ ಇನ್ನೂ ಹಿತ್ತಲಲ್ಲೇ ಇದೆ, ಬದನೆ ಸಾಲಿನ ಕೊನೆಯ ಡ್ರಿಪ್ಪರಿನ ಕೆಳಗೆ. ಇವತ್ತು ಬೆಳಿಗ್ಗೆ ನೋಡಿದಾಗ ನೀರು ಗೆರೆಗಿಂತ ಒಂದು ಕೂದಲೆಳೆ ಕೆಳಗಿತ್ತು. ಫಿಲ್ಟರ್ ತೊಳೆಯಬೇಕು.